ಕ್ಯಾನ್‌ನಿಂದ ಬರುವುದು ಹೊಗೆಯಲ್ಲ

ಅಕ್ಕಂದಿರೇ, ಹುಮನಾಬಾದ್ ಕಡೆಯ ಹಳ್ಳಿಯೊಂದರಲ್ಲಿ ಆಕಳಿಗೆ ಕೃತಕ ಗರ್ಭಧಾರಣೆ ಮಾಡಲು ಕ್ಯಾನ್ ಮುಚ್ಚಳ ತೆಗೆದಾಗ ಒಬ್ಬರು ಕೇಳಿದರು: ‘ಹೊಗಿ ಬರ್ಲತ್ತದಲ್ರಿ, ಒಳಗ ಬೆಂಕಿ ಅದ ಏನ್ರಿ?’ ಬೆಂಕಿಯಲ್ಲ, ಮೈನಸ್ 196 ಡಿಗ್ರಿ ಚಳಿ. ಆ ‘ಹೊಗೆ’ ಸುತ್ತಲಿನ ಗಾಳಿಯ ತೇವವೇ ಮಂಜಾದದ್ದು.

ಒಳಗಿರುವುದು ದ್ರವ ನೈಟ್ರೋಜನ್. ನಾವು ಉಸಿರಾಡುವ ಗಾಳಿಯ ನೂರರಲ್ಲಿ 78 ಪಾಲು ಅದೇ. ಸೈಕಲ್‌ಗೆ ಗಾಳಿ ಹೊಡೆದರೆ ಪಂಪು ಬಿಸಿಯಾಗುತ್ತದೆ. ವಾಲ್ವ್ ಬಿಚ್ಚಿದರೆ ತಣ್ಣನೆ ಗಾಳಿ ಬರುತ್ತದೆ. ಕಾರ್ಖಾನೆಯಲ್ಲೂ ಗಾಳಿಯನ್ನು ಒತ್ತಿ, ಬಿಸಿ ಕಳೆದು, ಹಿಗ್ಗಲು ಬಿಡುತ್ತಾರೆ. ತಣಿದ ಗಾಳಿಯಿಂದಲೇ ಹಿಂದೆ ಬರುವ ಗಾಳಿಯನ್ನು ತಣಿಸುತ್ತಾ ಹೋದರೆ ಕೊನೆಗೆ ಅದು ನೀರಿನಂತೆ ಹರಿಯುತ್ತದೆ. ಅದರಿಂದ ನೈಟ್ರೋಜನ್ ಬೇರ್ಪಡಿಸುತ್ತಾರೆ. 1895ರಲ್ಲಿ ಜರ್ಮನಿಯ ಲಿಂಡೆ ತೋರಿಸಿದ ದಾರಿಯಿದು.

ಈ ಚಳಿಯಲ್ಲಿ ದೇವಣಿ ಹೋರಿಯ ವೀರ್ಯ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಕ್ಯಾನ್‌ನಲ್ಲೂ ದ್ರವ ದಿನವೂ ಸ್ವಲ್ಪ ಆವಿಯಾಗುತ್ತದೆ. ಬಸವಕಲ್ಯಾಣದ ಬೇಸಿಗೆಯಲ್ಲಿ ನನಗೆ ಇದೇ ಚಿಂತೆ. ಅಳತೆ ಕಡ್ಡಿ ಹಾಕಿ ನೋಡುತ್ತಲೇ ಇರುತ್ತೇನೆ. ದ್ರವ ಬತ್ತಿದರೆ ವೀರ್ಯ ಸಾಯುತ್ತದೆ. ಆಕಳು ಮತ್ತೆ ಬೆದೆಗೆ ಬರಲು ಸುಮಾರು 21 ದಿನ. ಅಷ್ಟೂ ದಿನದ ಮೇವು ನಿಮ್ಮ ಕೈಯಿಂದಲೇ.

ಹಾಗಾಗಿ ‘ನೈಟ್ರೋಜನ್ ಎಷ್ಟದ?’ ಎಂದು ಸಂಕೋಚವಿಲ್ಲದೆ ಕೇಳಿ. ವೀರ್ಯದ ಕಡ್ಡಿಯನ್ನು ಹೊರತೆಗೆದೊಡನೆ 37 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಇಡಬೇಕು. ನಾವು ಬರುವಷ್ಟರಲ್ಲಿ ಒಂದು ಚರಿಗೆ ಬಿಸಿನೀರು ಕಾಯಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ. ಮಕ್ಕಳನ್ನು ಮಾತ್ರ ಕ್ಯಾನ್ ಹತ್ತಿರ ಬಿಡಬೇಡಿ.