ಸಿಂಪರಣೆ ಯಂತ್ರಕ್ಕೆ ದೀಪ: ಉಪಯೋಗ ಮತ್ತು ಮಿತಿ

ಭತ್ತದ ಗದ್ದೆಗೆ ಔಷಧಿ ಸಿಂಪಡಿಸಲು ಜಪಾನಿನಲ್ಲಿ 1987ರಲ್ಲಿ ಯಮಾಹಾ ಆರ್-50 ಎಂಬ ರೇಡಿಯೋ ನಿಯಂತ್ರಿತ ಹೆಲಿಕಾಪ್ಟರ್ ಬಳಕೆಗೆ ಬಂದಿತು. ಇಂದು ನಮ್ಮ ಹೊಲಗಳಲ್ಲೂ ಡ್ರೋನ್ ಸಿಂಪರಣೆ ನಡೆಯುತ್ತಿದೆ. ಬಿಸಿಲು, ಗಾಳಿ ತಪ್ಪಿಸಲು ದೀಪ ಕಟ್ಟಿ ರಾತ್ರಿ ಹಾರಿಸಬಹುದೇ ಎಂದು ಕೆಲವು ರೈತರು ಕೇಳುವುದುಂಟು.

ಕತ್ತಲಲ್ಲಿ ಯಂತ್ರದ ಮುಖ ಯಾವ ಕಡೆಗಿದೆಯೆಂದು ತಿಳಿಯದು. ಆದ್ದರಿಂದ ವಿಮಾನಗಳಲ್ಲಿರುವಂತೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ಎಲ್‌ಇಡಿ ದೀಪ ಅಳವಡಿಸಬಹುದು. ಕೆಂಪು ದೀಪ ನಮ್ಮ ಬಲಗಡೆ ಕಂಡರೆ ಯಂತ್ರದ ಮುಖ ನಮ್ಮತ್ತ ಇದೆಯೆಂದು ತಿಳಿಯಬೇಕು. ಸಣ್ಣ ಎಲ್‌ಇಡಿಗೆ ಸುಮಾರು 20 ಮಿಲಿಆಂಪಿಯರ್ ವಿದ್ಯುತ್ ಸಾಕು, ಬ್ಯಾಟರಿಗೆ ಹೊರೆಯಾಗದು. ಆದರೆ ರೆಸಿಸ್ಟರ್ ಇಲ್ಲದೆ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ.

ಈ ದೀಪಗಳು ಯಂತ್ರವನ್ನು ತೋರಿಸುತ್ತವೆಯೇ ಹೊರತು ವಿದ್ಯುತ್ ತಂತಿಯನ್ನಾಗಲಿ, ತೆಂಗಿನ ಗರಿಯನ್ನಾಗಲಿ ತೋರಿಸಲಾರವು. ಅಲ್ಲದೆ ಗಾಳಿಯಿಲ್ಲದ ರಾತ್ರಿ ನೆಲದ ಬಳಿ ತಂಪು ಗಾಳಿಯೂ ಅದರ ಮೇಲೆ ಬೆಚ್ಚನೆಯ ಗಾಳಿಯೂ ಪದರವಾಗಿ ನಿಲ್ಲುತ್ತವೆ. ಆಗ ಔಷಧಿಯ ಸಣ್ಣ ಹನಿಗಳು ಬೆಳೆಯ ಮೇಲೆ ಕೂರದೆ ತೇಲಿಹೋಗಿ ನೆರೆಯವರ ಹಿಪ್ಪುನೇರಳೆ ತೋಟ ಸೇರಬಹುದು. ಕೀಟನಾಶಕ ತಗುಲಿದ ಸೊಪ್ಪು ರೇಷ್ಮೆ ಹುಳುವಿಗೆ ಮಾರಕ.

ಆದುದರಿಂದ ದೀಪವಿದೆಯೆಂದು ರಾತ್ರಿ ಸಿಂಪಡಿಸಬಾರದು. ಬೆಳಿಗ್ಗೆ ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಮೆಲುಗಾಳಿ ಇರುವಾಗ ಸಿಂಪಡಿಸುವುದು ಕ್ಷೇಮ. ಸಂಜೆ ಅಕಸ್ಮಾತ್ ಮಬ್ಬು ಕವಿದರೆ ಯಂತ್ರವನ್ನು ಸುರಕ್ಷಿತವಾಗಿ ಇಳಿಸಲು ಮಾತ್ರ ದೀಪದ ನೆರವು ಪಡೆಯಬೇಕು.