ದೂರದ ಭೂಕಂಪ, ಹತ್ತಿರದ ಬಂಡೆ

ದೊಡ್ಡ ಭೂಕಂಪವೊಂದು ಸಾವಿರಾರು ಕಿಲೋಮೀಟರ್ ಆಚೆಯ ನೆಲದಲ್ಲಿ ಹೊಸ ಭೂಕಂಪಗಳನ್ನು ಹುಟ್ಟಿಸಬಲ್ಲದು ಎಂಬುದನ್ನು ವಿಜ್ಞಾನಿಗಳೇ ಬಹುಕಾಲ ಪೂರ್ತಿ ಒಪ್ಪಿರಲಿಲ್ಲ. 1992ರ ಜೂನ್ 28ರಂದು ಕ್ಯಾಲಿಫೋರ್ನಿಯದ ಲ್ಯಾಂಡರ್ಸ್‌ನಲ್ಲಿ 7.3 ಪ್ರಮಾಣದ ಭೂಕಂಪವಾದ ಮೇಲೆ ಒಪ್ಪದೆ ವಿಧಿಯಿರಲಿಲ್ಲ. ಅದರ ಅಲೆಗಳು ಹಾದುಹೋದ ಬೆನ್ನಿಗೇ 1,250 ಕಿ.ಮೀ. ದೂರದ ಯೆಲ್ಲೋಸ್ಟೋನ್‌ವರೆಗೆ ಹಲವೆಡೆ ಸಣ್ಣ ಕಂಪನಗಳು ಒಮ್ಮೆಲೇ ಹೆಚ್ಚಿದವು. 1990ರ ಈಚಿನ 15 ದೊಡ್ಡ ಭೂಕಂಪಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ ಕನಿಷ್ಠ 12 ಹೀಗೆ ದೂರದ ನೆಲವನ್ನು ಕೆಣಕಿದ್ದವು ಎಂದು ತೋರಿಸಿತು.

ಭೂಕಂಪವೆಂದರೆ ಸ್ತರಭಂಗದ, ಅಂದರೆ ಬಂಡೆಯೊಳಗಿನ ಹಳೆಯ ಬಿರುಕಿನ, ಎರಡು ಬದಿಗಳು ತಟಕ್ಕನೆ ಜಾರುವುದು. ಜಾರಿದ ಕಡೆ ಒತ್ತಡ ಕಳೆದು ಅಕ್ಕಪಕ್ಕಕ್ಕೆ ವರ್ಗಾವಣೆಯಾಗುತ್ತದೆ. ಈ ಶಾಶ್ವತ ಬದಲಾವಣೆಯ ಪ್ರಭಾವ ದೂರ ಹೋದಂತೆ ಬೇಗನೆ ಕುಂದಿಬಿಡುತ್ತದೆ, ಸಾವಿರ ಕಿ.ಮೀ. ಆಚೆ ಅದು ಲೆಕ್ಕಕ್ಕೇ ಇಲ್ಲ. ಅಷ್ಟು ದೂರ ಕೆಲಸ ಮಾಡುವುದು ಭೂಮಿಯ ಮೇಲ್ಪದರದಲ್ಲಿ ಸಾಗುವ ಮೇಲ್ಮೈ ಅಲೆಗಳು. ಅವು ಬಂಡೆಯನ್ನು ಹಿಂಡುತ್ತ, ಓರೆಯಾಗಿ ಎಳೆಯುತ್ತ ಹೋಗುತ್ತವೆ. ಈ ಹಿಂಡುವಿಕೆ ಬಹಳ ಅಲ್ಪ. ಕೆಲವು ಸ್ತರಭಂಗಗಳಿಗೆ ಎರಡು ಮೂರು ಕಿಲೋಪ್ಯಾಸ್ಕಲ್ ಸಾಕು, ಅಂದರೆ ಗೇಣುದ್ದ ನಿಂತ ನೀರು ತಳದ ಮೇಲೆ ಹೇರುವಷ್ಟು ಒತ್ತಡ. ಆಗಲೇ ಜಾರಲು ತುದಿಗಾಲಲ್ಲಿ ನಿಂತಿರುವ ಬಿರುಕಿಗೆ ಮಾತ್ರ ಇಷ್ಟು ಸಾಲುತ್ತದೆ ಎನ್ನುವುದು ಮುಖ್ಯ. ಬಿರುಕಿನ ಸಂದಿಯಲ್ಲಿ ಒತ್ತಡದಲ್ಲಿರುವ ಬಿಸಿನೀರಿದ್ದರೆ ಕೆಲಸ ಇನ್ನೂ ಸಲೀಸು. ಆದ್ದರಿಂದಲೇ ಬಿಸಿನೀರ ಬುಗ್ಗೆಗಳೂ ಜ್ವಾಲಾಮುಖಿಗಳೂ ಇರುವ ಪ್ರದೇಶಗಳು ಬೇಗ ಸ್ಪಂದಿಸುತ್ತವೆ. ಕೆಲವೊಮ್ಮೆ ಅಲೆ ಹೋಗಿ ಗಂಟೆಗಳೋ ದಿನಗಳೋ ಆದ ಮೇಲೆ ಕಂಪನ ಬರುವುದುಂಟು. ಅಲೆ ಕದಡಿದ ಅಂತರ್ಜಲ ನಿಧಾನವಾಗಿ ಜಾಗ ಬದಲಿಸುವುದು ಇದಕ್ಕೆ ಕೊಡಲಾಗುವ ವಿವರಣೆಗಳಲ್ಲಿ ಒಂದು.

ಹೀಗೆ ಕೆರಳುವುದು ಭೂಕಂಪ ಮಾತ್ರವಲ್ಲ. ಜಪಾನಿನ ಕಜುಶಿಗೆ ಒಬಾರಾ 2002ರಲ್ಲಿ ಹತ್ತಾರು ಕಿ.ಮೀ. ಆಳದಿಂದ ಬರುವ, ಸ್ಪಷ್ಟ ಆರಂಭವಿಲ್ಲದ, ನಿಮಿಷಗಟ್ಟಲೆ ಗುನುಗುವ ನಡುಕವನ್ನು ಗುರುತಿಸಿದರು. ಅದೇ ವರ್ಷ ನವೆಂಬರ್ 3ರಂದು ಅಲಾಸ್ಕದ ಡೆನಾಲಿಯಲ್ಲಿ 7.9 ಪ್ರಮಾಣದ ಭೂಕಂಪವಾದಾಗ, ಅದರ ಅಲೆಗಳು ಕೆನಡದ ವ್ಯಾಂಕೂವರ್ ದ್ವೀಪದಡಿ ಹಾದವು. ಒಂದೊಂದು ಅಲೆಯ ಜೊತೆಗೂ ಇಂಥ ನಡುಕದ ಒಂದೊಂದು ಅಲುಗಾಟ ದಾಖಲಾಯಿತು. ಕಾರ್ಯಕಾರಣ ಸಂಬಂಧಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಹಾಸನ ಜಿಲ್ಲೆಗೂ ಇಂಥ ಅಲೆಗಳು ತಪ್ಪಿಲ್ಲ. 2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾದ ಪಶ್ಚಿಮಕ್ಕೆ, ಸಮುದ್ರದಡಿ, 8.6 ಪ್ರಮಾಣದ ಭೂಕಂಪವಾಯಿತು. ಬೆಂಗಳೂರಿನ ಕಚೇರಿಗಳಿಂದ ಜನ ಹೊರಗೋಡಿ ಬಂದರು. ಮುಂದಿನ ಆರು ದಿನಗಳಲ್ಲಿ ಜಗತ್ತಿನಾದ್ಯಂತ 5.5ಕ್ಕಿಂತ ದೊಡ್ಡ ಭೂಕಂಪಗಳು ಸುಮಾರು ಐದು ಪಟ್ಟು ಹೆಚ್ಚಿದವು. ಅರಸೀಕೆರೆ, ಬೇಲೂರು, ಹಳೇಬೀಡುಗಳು ಅಲ್ಲಿಂದ ಸುಮಾರು 2,200 ಕಿ.ಮೀ. ದೂರ, ಮೇಲ್ಮೈ ಅಲೆಗಳಿಗೆ ಹತ್ತು ನಿಮಿಷದ ಹಾದಿ. ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಸುಮಾರು 42 ಅಡಿಯ ದೀಪಸ್ತಂಭ ಪಾಯವಿಲ್ಲದೆ, ತನ್ನ ಭಾರದಿಂದಲೇ ಜಗತಿಯ ಮೇಲೆ ನಿಂತಿದೆ. ಅದರ ಬುಡದ ಸಂದಿಯಲ್ಲಿ ಕಾಗದ ತೂರಿಸಿ ತೋರಿಸುವುದು ಅಲ್ಲಿನ ರೂಢಿ. ಇಪ್ಪತ್ತು ಸೆಕೆಂಡಿಗೊಮ್ಮೆ ಮೆಲ್ಲಗೆ ಓಲುವ ನೆಲ ಅದನ್ನು ಉರುಳಿಸಲಾರದು. ಅದೇ ಓಲಾಟ ಬೇರೆಡೆ ಆಳದ ಬಿರುಕನ್ನು ಜಾರಿಸಬಲ್ಲದು ಎನ್ನುವುದೇ ಈ ವಿದ್ಯಮಾನದ ವಿಚಿತ್ರ.

ಇಲ್ಲಿನ ನೆಲ ಸುಲಭಕ್ಕೆ ಕೆರಳದಿರಲು ಕಾರಣಗಳಿವೆ. ಇದು ಪಶ್ಚಿಮ ಧಾರವಾಡ ಶಿಲಾಖಂಡ; ಗೊರೂರು ಸುತ್ತಿನ ನೈಸ್ ಬಂಡೆಗಳ ವಯಸ್ಸು ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚು. ಹಳೆಯ ಬಿರುಕುಗಳು ಇಲ್ಲದಿಲ್ಲ. ಆದರೆ ಭಾರತ ಭೂಫಲಕದ ನೂಕುವಿಕೆಯ ಬಹುಪಾಲನ್ನು ಹಿಮಾಲಯವೂ ಅದರಾಚೆಯ ನೆಲವೂ ತಾಳಿಕೊಳ್ಳುವುದರಿಂದ ಇಲ್ಲಿ ಒತ್ತಡ ಕೂಡುವುದು ಬಹಳ ನಿಧಾನ.

ಹಾಗೆಂದು ನೆಲ ಅಲುಗುವುದೇ ಇಲ್ಲ ಎಂದಲ್ಲ. 2022ರ ಜೂನ್ 23ರ ನಸುಕಿನಲ್ಲಿ ಹೊಳೆನರಸೀಪುರ ತಾಲ್ಲೂಕಿನ ಮಳುಗನಹಳ್ಳಿ ಬಳಿ 3.4 ಪ್ರಮಾಣದ ಭೂಕಂಪವಾಯಿತು. ಅದರ ಹಿಂದಿನ ದಿನವಷ್ಟೇ ಆಫ್ಘಾನಿಸ್ತಾನದ ಪಕ್ತಿಕಾ ಪ್ರಾಂತ್ಯದಲ್ಲಿ ಸುಮಾರು 6 ಪ್ರಮಾಣದ ಭೂಕಂಪಕ್ಕೆ ಸಾವಿರಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಎರಡನ್ನೂ ಗಂಟು ಹಾಕುವುದು ಸುಲಭ, ಆದರೆ ಲೆಕ್ಕ ಒಪ್ಪುವುದಿಲ್ಲ. ಪಕ್ತಿಕಾ ಹಾಸನಕ್ಕೆ ಹೆಚ್ಚುಕಡಿಮೆ ಸುಮಾತ್ರಾ ಕೇಂದ್ರದಷ್ಟೇ ದೂರ. ಅಲ್ಲಿಂದ ಬಂದ ಅಲೆ 2012ರದ್ದಕ್ಕಿಂತ ನೂರಾರು ಪಟ್ಟು ಚಿಕ್ಕದು, ಅದು ಹಾದುಹೋಗಿ ಒಂದು ದಿನವೂ ಕಳೆದಿತ್ತು. ದೊಡ್ಡ ಅಲೆಗೆ ಜಗ್ಗದ ನೆಲ ಚಿಕ್ಕದಕ್ಕೆ ಜಗ್ಗಿತು ಎನ್ನಲು ಆಧಾರವಿಲ್ಲ. ಸ್ಥಳೀಯ ಒತ್ತಡವೇ ಹೆಚ್ಚು ಸಂಭಾವ್ಯ ಕಾರಣ.

ಹೀಗೆ ದೂರದ ಅಲೆಯಿಂದ ಪ್ರೇರಿತವಾದ ಕಂಪನವನ್ನು ಗುರುತಿಸುವ ಕೆಲಸ ಕಂಪನಮಾಪಕದ ದಾಖಲೆಯಿಂದ ಶುರುವಾಗುತ್ತದೆ. ಅರಸೀಕೆರೆಯಿಂದ ಪೂರ್ವಕ್ಕೆ ಸುಮಾರು 130 ಕಿ.ಮೀ. ದೂರದ ಗೌರಿಬಿದನೂರಿನಲ್ಲಿ, ದೂರದ ಅಣುಸ್ಫೋಟಗಳ ಪತ್ತೆಗೆಂದು 1960ರ ದಶಕದಲ್ಲಿ ಸ್ಥಾಪಿಸಿದ ಕಂಪನಮಾಪಕಗಳ ಸಾಲೇ ಇದೆ. ದೂರದ ಅಲೆ ದಾಖಲೆಯಲ್ಲಿ ಅಗಲವಾದ, ನಿಧಾನ ಏರಿಳಿತವಾಗಿ ಕಾಣುತ್ತದೆ. ಅದನ್ನು ಸೋಸಿ ತೆಗೆದರೆ ಒಳಗೆ ಅಡಗಿದ್ದ ಚುರುಕಾದ ಸಣ್ಣ ಗೀರುಗಳು ಮೇಲೆ ಬರುತ್ತವೆ. ಗೀರಿನ ಮೊದಲ ಅಲೆಗೂ ಎರಡನೆಯ ಅಲೆಗೂ ಐದು ಸೆಕೆಂಡಿನ ಅಂತರವಿದ್ದರೆ ಅದು ಸುಮಾರು 40 ಕಿ.ಮೀ. ಒಳಗೇ ಹುಟ್ಟಿದ್ದು. ಇಷ್ಟಕ್ಕೇ ಮುಗಿಯುವುದಿಲ್ಲ. ಅಂಥ ಗೀರುಗಳು ಅಲೆ ಬರುವ ಮುಂಚಿನ ದಿನಗಳಲ್ಲೂ ಅಷ್ಟೇ ಇದ್ದವೇ ಎಂದು ಎಣಿಸಿ ನೋಡಬೇಕು. ಇದ್ದಿದ್ದರೆ ಅವುಗಳಿಗೂ ದೂರದ ಭೂಕಂಪಕ್ಕೂ ನಂಟಿಲ್ಲ.