ಕಿವಿ ಒಪ್ಪಿದ ಜೋಡಿಯನ್ನು ಕಣ್ಣು ಒಪ್ಪಲಿಲ್ಲ

1967ರ ಕೊನೆಯ ತಿಂಗಳುಗಳಲ್ಲಿ ನ್ಯೂಯಾರ್ಕಿನ ಅಟ್ಲಾಂಟಿಕ್ ಸಂಸ್ಥೆಯು ಏಳು ಅಂಗುಲದ ಚಿಕ್ಕದೊಂದು ಗ್ರಾಮಫೋನ್ ತಟ್ಟೆಯನ್ನು ಹೊರತಂದಿತು. ಹಾಡಿನ ಹೆಸರು ‘ಸ್ಟೋರಿಬುಕ್ ಚಿಲ್ಡ್ರನ್’. ಕಥೆಪುಸ್ತಕದ ಮಕ್ಕಳು ಎಂದರ್ಥ. ರೇಡಿಯೋದಲ್ಲಿ ಕೇಳಿದವರಿಗೆ ಅದೊಂದು ಮನಕಲಕುವ ಪ್ರಣಯದ ಯುಗಳಗೀತೆ, ಅಷ್ಟೆ. ಹಾಡಿದವರ ಭಾವಚಿತ್ರವನ್ನು ಕಂಡವರು ಮಾತ್ರ ಹುಬ್ಬೇರಿಸಿದರು. ಗಾಯಕ ಬಿಲ್ಲಿ ವೆರಾ ಶ್ವೇತವರ್ಣೀಯರು. ಗಾಯಕಿ ಜೂಡಿ ಕ್ಲೇ ಕಪ್ಪುವರ್ಣೀಯರು. ಅಮೆರಿಕದಲ್ಲಿ ಎರಡು ವರ್ಣಗಳ ಗಂಡುಹೆಣ್ಣು ಪ್ರೇಮಿಗಳಾಗಿ ದನಿಗೂಡಿಸಿದ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಇದೂ ಒಂದು.

ಅಟ್ಲಾಂಟಿಕ್ ಸಾಮಾನ್ಯ ಸಂಸ್ಥೆಯಾಗಿರಲಿಲ್ಲ. ಅಮೆರಿಕದಲ್ಲಿ ತುರ್ಕಿಯ ರಾಯಭಾರಿಯಾಗಿದ್ದವರ ಮಗ ಅಹ್ಮೆತ್ ಎರ್ತೆಗುನ್ ಅವರು ಹರ್ಬ್ ಏಬ್ರಮ್‌ಸನ್ ಅವರೊಡನೆ 1947ರಲ್ಲಿ ಅದನ್ನು ಸ್ಥಾಪಿಸಿದರು. ರೇ ಚಾರ್ಲ್ಸ್, ಅರೀತಾ ಫ್ರಾಂಕ್ಲಿನ್ ಮೊದಲಾದ ಕಪ್ಪುವರ್ಣೀಯ ಗಾಯಕರ ದನಿಯನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಅದರದು. ಚರ್ಚಿನ ಗಾಸ್ಪೆಲ್ ಭಕ್ತಿಗೀತೆಯ ಆವೇಶವನ್ನು ಲೌಕಿಕ ಪ್ರೇಮದ ಹಾಡಿಗೆ ತುಂಬಿದಾಗ ಹುಟ್ಟಿದ ಶೈಲಿಗೆ ‘ಸೋಲ್’, ಅಂದರೆ ಆತ್ಮ, ಎಂದು ಹೆಸರು. ಭಜನೆಯಲ್ಲಿ ಮೈಮರೆತ ಕಂಠವು ಮನುಷ್ಯರ ಸುಖದುಃಖಗಳನ್ನು ಅದೇ ತನ್ಮಯತೆಯಿಂದ ಹಾಡತೊಡಗಿದರೆ ಹೇಗಿದ್ದೀತೆಂದು ಊಹಿಸಿಕೊಂಡರೆ ಅದರ ಸ್ವಾದ ತಿಳಿಯುತ್ತದೆ.

ಎರಡು ಹಾದಿ, ಒಂದು ಹಾಡು

ಜೂಡಿ ಕ್ಲೇ ಆ ಭಕ್ತಿಗೀತೆಯ ಅಂಗಳದಲ್ಲಿಯೇ ಬೆಳೆದವರು. 1938ರಲ್ಲಿ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ಬಂದರು. ಡ್ರಿಂಕರ್ಡ್ ಸಿಂಗರ್ಸ್ ಎಂಬ ಹೆಸರಾಂತ ಗಾಸ್ಪೆಲ್ ತಂಡದ ಲೀ ವಾರಿಕ್ ಅವರನ್ನು ಮನೆಮಗಳಂತೆ ಸಾಕಿಕೊಂಡರು. ಮುಂದೆ ಜಗದ್ವಿಖ್ಯಾತರಾದ ಡಯಾನ್ ವಾರ್ವಿಕ್ ಈ ಲೀ ಅವರ ಮಗಳು. ಹದಿನಾಲ್ಕರ ಪ್ರಾಯದಲ್ಲಿಯೇ ಜೂಡಿ ಆ ತಂಡದೊಡನೆ ಹಾಡುತ್ತಿದ್ದರು. ಅಂಥ ಕಂಠವಿದ್ದರೂ 1960ರ ದಶಕದ ಆರಂಭದ ಮುದ್ರಿಕೆಗಳು ಅವರಿಗೆ ಹೆಸರು ತರಲಿಲ್ಲ.

ಬಿಲ್ಲಿ ವೆರಾ ಅವರಿಗಿಂತ ಆರು ವರ್ಷ ಕಿರಿಯರು. ತಂದೆ ರೇಡಿಯೋ ಹಾಗೂ ಟೆಲಿವಿಷನ್ನಿನ ಉದ್ಘೋಷಕರು, ತಾಯಿ ಗಾಯಕಿ. ಕಪ್ಪುವರ್ಣೀಯರ ಸಂಗೀತಕ್ಕೆ ಮನಸೋತ ಈ ಯುವಕ ಚಿಪ್ ಟೇಲರ್ ಎಂಬ ಗೀತಕಾರರೊಡನೆ ಕೂಡಿ ‘ಸ್ಟೋರಿಬುಕ್ ಚಿಲ್ಡ್ರನ್’ ರಚಿಸಿದರು. ‘ವೈಲ್ಡ್ ಥಿಂಗ್’ ಬರೆದವರೂ ಈ ಟೇಲರ್ ಅವರೇ. ಹಾಡಿನ ಪ್ರೇಮಿಗಳು ಬೇರೆಬೇರೆ ಲೋಕಗಳಿಗೆ ಕಟ್ಟುಬಿದ್ದವರು. ಕಥೆಗಳ ಮಕ್ಕಳಂತೆ ಲೋಕದ ಭಯವಿಲ್ಲದೆ ಕೂಡಿರಬಾರದಿತ್ತೇ ಎಂದು ಹಂಬಲಿಸುವವರು. ವರ್ಣದ ಮಾತು ಹಾಡಿನಲ್ಲಿ ಎಲ್ಲಿಯೂ ಇಲ್ಲ. ಆದರೆ ಈ ಇಬ್ಬರು ಅದನ್ನು ಹಾಡಿದಾಗ ಹೇಳದೆ ಉಳಿದ ಮಾತೂ ಕೇಳಿಸಿತು.

ಕಾನೂನು ಬದಲಾಯಿತು, ಕಣ್ಣು ಬದಲಾಗಲಿಲ್ಲ

ಈ ಮುದ್ರಿಕೆ ಹೊರಬಂದ ಕಾಲವನ್ನು ನೆನೆಯಬೇಕು. ವರ್ಜೀನಿಯಾ ರಾಜ್ಯದ ರಿಚರ್ಡ್ ಲವಿಂಗ್, ಮಿಲ್ಡ್ರೆಡ್ ಲವಿಂಗ್ ಎಂಬ ದಂಪತಿಗಳು ಬೇರೆಬೇರೆ ವರ್ಣದವರೆಂಬ ಕಾರಣಕ್ಕೆ 1959ರಲ್ಲಿ ಶಿಕ್ಷೆಗೆ ಗುರಿಯಾಗಿದ್ದರು. ಇಪ್ಪತ್ತೈದು ವರ್ಷ ರಾಜ್ಯವನ್ನು ಬಿಟ್ಟು ಹೋದರೆ ಮಾತ್ರ ಸೆರೆವಾಸದಿಂದ ವಿನಾಯಿತಿ. 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟು ಅಂಥ ಕಾನೂನುಗಳನ್ನು ರದ್ದುಗೊಳಿಸಿತು. ಆ ದಿನದವರೆಗೂ 16 ರಾಜ್ಯಗಳಲ್ಲಿ ವರ್ಣಾಂತರ ವಿವಾಹ ಅಪರಾಧವಾಗಿತ್ತು. ಹಾಡು ಬಂದದ್ದು ಆ ತೀರ್ಪಿನ ಕೆಲವೇ ತಿಂಗಳುಗಳ ತರುವಾಯ.

ನ್ಯೂಯಾರ್ಕಿನ ಕಪ್ಪುವರ್ಣೀಯರ ಬಡಾವಣೆ ಹಾರ್ಲೆಮ್ಮಿನ ಅಪೊಲೊ ರಂಗಮಂದಿರದಲ್ಲಿ ಈ ಜೋಡಿ ಹಾಡಿತು. ಮೆಚ್ಚದ ಗಾಯಕರನ್ನು ಮುಲಾಜಿಲ್ಲದೆ ಕೂಗಿ ಕೆಳಗಿಳಿಸುತ್ತಿದ್ದ ಅಲ್ಲಿನ ಸಭಿಕರು ಇವರನ್ನು ಆದರದಿಂದ ಬರಮಾಡಿಕೊಂಡರು. ಕಪ್ಪುವರ್ಣೀಯ ಶ್ರೋತೃಗಳ ಪಟ್ಟಿಯಲ್ಲಿ ಹಾಡು 20ನೆಯ ಸ್ಥಾನಕ್ಕೇರಿತು. ರಾಷ್ಟ್ರದ ಸಾಮಾನ್ಯ ಪಟ್ಟಿಯಲ್ಲಿ 54ರಲ್ಲಿಯೇ ನಿಂತಿತು. ಆ ದಿನಗಳಲ್ಲಿ ಹಾಡೊಂದನ್ನು ದೇಶದ ತುಂಬ ಹಬ್ಬಿಸುತ್ತಿದ್ದ ಸಾಧನ ಟೆಲಿವಿಷನ್. ರಾಷ್ಟ್ರವ್ಯಾಪಿ ಜಾಲಗಳಿಂದ ಇವರಿಗೆ ಕರೆಯೇ ಬರಲಿಲ್ಲ.

ಆ ಮೌನದ ಹಿಂದೆ ಎಂಥ ಅಂಜಿಕೆಯಿತ್ತೆಂಬುದನ್ನು 1968ರ ಇನ್ನೊಂದು ಪ್ರಸಂಗ ತೋರಿಸುತ್ತದೆ. ಎನ್.ಬಿ.ಸಿ. ಕಾರ್ಯಕ್ರಮವೊಂದರಲ್ಲಿ ಹಾಡುತ್ತಿದ್ದ ಬ್ರಿಟಿಷ್ ಗಾಯಕಿ ಪೆಟ್ಯುಲಾ ಕ್ಲಾರ್ಕ್ ತಮ್ಮೊಡನಿದ್ದ ಕಪ್ಪುವರ್ಣೀಯ ಗಾಯಕ ಹ್ಯಾರಿ ಬೆಲಫಾಂಟೆ ಅವರ ತೋಳನ್ನು ಸ್ನೇಹದಿಂದ ಹಿಡಿದರು. ಪ್ರಾಯೋಜಕ ಕಾರು ಕಂಪನಿಯ ಪ್ರತಿನಿಧಿ ಅದಕ್ಕೇ ಆಕ್ಷೇಪವೆತ್ತಿದರು! ಕ್ಲಾರ್ಕ್ ಜಗ್ಗಲಿಲ್ಲವಾದ್ದರಿಂದ ದೃಶ್ಯ ಹಾಗೆಯೇ ಪ್ರಸಾರವಾಯಿತು. ತೋಳು ಮುಟ್ಟಿದ್ದಕ್ಕೇ ಇಷ್ಟು ಗದ್ದಲವಾದರೆ, ಪ್ರೇಮಿಗಳಾಗಿಯೇ ಹಾಡುವವರ ಪಾಡೇನು? ಅದೇ 1968ರಲ್ಲಿ ನ್ಯಾನ್ಸಿ ಸಿನಾತ್ರಾ ಮತ್ತು ಲೀ ಹೇಝಲ್‌ವುಡ್ ಎಂಬ ಶ್ವೇತವರ್ಣೀಯ ಜೋಡಿ ಇದೇ ಹಾಡನ್ನು ತಮ್ಮ ಜನಪ್ರಿಯ ಆಲ್ಬಮ್ಮಿಗೆ ಸೇರಿಸಿಕೊಂಡಿತು.

ಬಿಲ್ಲಿ ಮತ್ತು ಜೂಡಿ 1968ರಲ್ಲಿ ‘ಕಂಟ್ರಿ ಗರ್ಲ್, ಸಿಟಿ ಮ್ಯಾನ್’ ಎಂಬ ಇನ್ನೊಂದು ಗೀತೆಯನ್ನು ಹಾಡಿದರು. ಅದು 36ನೆಯ ಸ್ಥಾನವನ್ನು ಮುಟ್ಟಿತು. ಅನಂತರ ಹಾದಿಗಳು ಬೇರೆಯಾದವು.

ಮರೆತದ್ದು, ಉಳಿದದ್ದು

ಜೂಡಿ ಅವರಿಗೆ ಅದೇ ವರ್ಷ ಮತ್ತೊಂದು ಯುಗಳಗೀತೆಯ ಯೋಗ ಬಂದಿತು. ಮೆಂಫಿಸ್ ನಗರದ ಹಳೆಯ ಚಿತ್ರಮಂದಿರವೊಂದರಲ್ಲಿದ್ದ ಸ್ಟ್ಯಾಕ್ಸ್ ಸಂಸ್ಥೆಗಾಗಿ ವಿಲಿಯಂ ಬೆಲ್ ಅವರೊಡನೆ ಹಾಡಿದ ‘ಪ್ರೈವೇಟ್ ನಂಬರ್’ ಬ್ರಿಟನ್ನಿನಲ್ಲಿ 8ನೆಯ ಸ್ಥಾನಕ್ಕೇರಿತು. ಸ್ವದೇಶದ ಸಾಮಾನ್ಯ ಪಟ್ಟಿಯಲ್ಲಿ ಅದಕ್ಕೆ ದೊರೆತದ್ದು 75. ಅದೇ ಕಾಲಕ್ಕೆ ಸ್ಟ್ಯಾಕ್ಸ್ ಮತ್ತು ಅಟ್ಲಾಂಟಿಕ್ ಸಂಸ್ಥೆಗಳ ವ್ಯಾಪಾರಸಂಬಂಧವೂ ಮುರಿದು, ಈ ಜೋಡಿಯೂ ಮುಂದುವರಿಯಲಿಲ್ಲ. ಜೂಡಿ ಇತರ ಗಾಯಕರ ಹಿಂದೆ ನಿಂತು ದನಿಗೂಡಿಸಿದರು; ಕೊನೆಗೆ ನಾರ್ತ್ ಕೆರೊಲಿನಾಕ್ಕೆ ಮರಳಿ ಭಕ್ತಿಗೀತೆಯಲ್ಲಿಯೇ ನೆಮ್ಮದಿ ಕಂಡರು. 2001ರಲ್ಲಿ ಅವರು ನಿಧನರಾದರು.

ಬಿಲ್ಲಿ ವೆರಾ ಅವರ ಅದೃಷ್ಟ ಬೇರೆಯಾಗಿತ್ತು. ಅವರು 1981ರಲ್ಲಿ ಹಾಡಿ, ಜನ ಮರೆತೂಬಿಟ್ಟಿದ್ದ ‘ಅಟ್ ದಿಸ್ ಮೊಮೆಂಟ್’ ಗೀತೆಯನ್ನು ಟೆಲಿವಿಷನ್ನಿನ ಜನಪ್ರಿಯ ವಿನೋದಮಾಲಿಕೆಯೊಂದು ಬಳಸಿಕೊಂಡಿತು. 1987ರ ಜನವರಿಯಲ್ಲಿ ಅದು ಅಮೆರಿಕದ ಮೊದಲ ಸ್ಥಾನದ ಹಾಡಾಯಿತು. ಹಿಂದೆ ಯಾವ ಟೆಲಿವಿಷನ್ ಬಾಗಿಲು ತೆರೆಯಲಿಲ್ಲವೋ ಅದೇ ಟೆಲಿವಿಷನ್ ಇಪ್ಪತ್ತು ವರ್ಷಗಳ ತರುವಾಯ ಅವರನ್ನು ಶಿಖರಕ್ಕೇರಿಸಿತು. ಜೂಡಿ ಅವರ ಪಾಲಿಗೆ ಅಂಥ ದಿನ ಬರಲಿಲ್ಲ.

‘ಸ್ಟೋರಿಬುಕ್ ಚಿಲ್ಡ್ರನ್’ ಇಂದಿಗೂ ಹಳೆಯ ಸೋಲ್ ಗೀತೆಗಳ ಸಂಗ್ರಹಗಳಲ್ಲಿ ಕೇಳಲು ಸಿಗುತ್ತದೆ. ಒಬ್ಬರು ಹಾಡುವಾಗ ಇನ್ನೊಬ್ಬರು ಕಾದಿದ್ದು, ಆಮೇಲೆ ಎರಡು ದನಿಗಳೂ ಕೂಡುತ್ತವೆ. ಆ ತಟ್ಟೆಯ ಹಿಂಬದಿಯಲ್ಲಿದ್ದ ಹಾಡಿನ ಹೆಸರು ‘ರಿಯಲಿ ಟುಗೆದರ್’. ನಿಜವಾಗಿಯೂ ಜೊತೆಯಾಗಿ ಎಂದು ಅದರ ಅರ್ಥ.